ಹೇಳಿದವರಿಗೇ ಮತ್ತೆ ಓದಿ ಹೇಳುವುದು

ನನಗೀಗ 83. ಕಣ್ಣು ಮಂಜಾಗಿದೆ. ಅದಕ್ಕೇ ನಾನು ಹೇಳುತ್ತಿದ್ದೇನೆ, ಪಕ್ಕದ ಮನೆಯ ಹುಡುಗಿ ಕೂತು ಬರೆದುಕೊಳ್ಳುತ್ತಿದ್ದಾಳೆ. ನಮ್ಮ ಅಟ್ಟದ ಟ್ರಂಕಿನಲ್ಲಿರುವ 41 ನೋಟ್‌ಬುಕ್ಕುಗಳನ್ನು ಧೂಳು ಕೊಡವಿ ಕೆಳಗಿಳಿಸಿದವಳು ಇವಳೇ. "ಅಜ್ಜಿ, ಊರೂರಿನ ಕಥೆ ಇಷ್ಟೊಂದು ಬರ್ಕೊಂಡಿದ್ದೀರಲ್ಲ, ಯಾರು ಹೇಳಿಕೊಟ್ರು ನಿಮಗೆ?" ಅಂದಳು. ಯಾರೂ ಹೇಳಿಕೊಡಲಿಲ್ಲ. ಇತಿಹಾಸದಲ್ಲಿ ನನಗೆ ಪದವಿ ಇಲ್ಲ. ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಮುಗಿಸಿ 1964ರಿಂದ 2000ದವರೆಗೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವಳು ನಾನು.

ಹುಟ್ಟಿದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. 1892ರಲ್ಲಿ ಅಳತೆ ಹಾಕಿ, ಬೀದಿ ಎಳೆದು ಕಟ್ಟಿದ ಬಡಾವಣೆ ಅದು. ಆರ್. ಕಲ್ಯಾಣಮ್ಮನವರು 1938ರಲ್ಲಿ ಶುರುಮಾಡಿದ ಮಕ್ಕಳ ಕೂಟಕ್ಕೆ ಸಂಜೆ ಹೊತ್ತು ನಾವೆಲ್ಲ ಓಡುತ್ತಿದ್ದೆವು. ಕಥೆ ಕೇಳುವ ಚಟ ಅಂಟಿದ್ದು ಅಲ್ಲೇ. ಮದುವೆಯಾಗಿ ಬಂದದ್ದು ಗವಿಪುರ ಗುಟ್ಟಹಳ್ಳಿಗೆ. ಅಷ್ಟೇನೂ ದೂರವಲ್ಲ, ನಡೆದರೆ ಅರ್ಧ ಗಂಟೆ. ಆದರೆ ಅಲ್ಲಿಗೂ ಇಲ್ಲಿಗೂ ಮಾತೇ ಬೇರೆ. ತವರಿನಲ್ಲಿ ರಸ್ತೆಗಳಿಗೆ ನಂಬರು ಇತ್ತು, ಇಲ್ಲಿ ಪ್ರತಿ ಬಂಡೆಗೂ ಹೆಸರಿತ್ತು. ಕೆಂಪಾಂಬುಧಿ ಕೆರೆ, ಅದರ ಪಕ್ಕದ ಬಂಡೆಯ ಮೇಲೆ ಕೆಂಪೇಗೌಡರ ಗೋಪುರ, ಗವಿ ಗಂಗಾಧರೇಶ್ವರ, ಬಂಡೆ ಮಹಾಕಾಳಿ. ಮಕರ ಸಂಕ್ರಾಂತಿಯ ಸಂಜೆ ಗವಿಯೊಳಗೆ ಲಿಂಗದ ಮೇಲೆ ಸೂರ್ಯನ ಬೆಳಕು ಬೀಳುವುದನ್ನು ನೋಡಲು ನಮ್ಮತ್ತೆ ನನ್ನನ್ನು ಮೊದಲ ವರ್ಷವೇ ಕರೆದುಕೊಂಡು ಹೋದರು. ಅವರಿಗೆ ಓದು ಬರುತ್ತಿರಲಿಲ್ಲ. ಕೆರೆ ಕೋಡಿ ಬಿದ್ದ ವರ್ಷಗಳು, ಯಾವ ಮನೆಯವರು ಯಾರಿಗೆ ಜಾಗ ಮಾರಿದ್ದು, ಯಾವ ಅರಳಿಕಟ್ಟೆಯಲ್ಲಿ ಯಾರು ಪಂಚಾಯ್ತಿಗೆ ಕೂರುತ್ತಿದ್ದದ್ದು, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಅವರು 1971ರಲ್ಲಿ ತೀರಿಕೊಂಡಾಗ ನಾನು ಒಂದು ಸಾಲನ್ನೂ ಬರೆದುಕೊಂಡಿರಲಿಲ್ಲ. ಇವತ್ತಿಗೂ ಆ ಸಂಕಟ ನನ್ನನ್ನು ಬಿಟ್ಟಿಲ್ಲ. ಅವರ ತಿಥಿ ಮುಗಿದ ಮೇಲೆ ಅಂಗಡಿಗೆ ಹೋಗಿ 200 ಪುಟದ ನೋಟ್‌ಬುಕ್ಕು ತಂದೆ. ಅದೇ ಮೊದಲನೆಯದು.

ಮೊದಮೊದಲು ನನಗೆ ಕೇಳುವುದಕ್ಕೇ ಬರುತ್ತಿರಲಿಲ್ಲ. ಮನೆಮನೆಗೆ ಹೋಗಿ, ಪೆನ್ನು ಹಿಡಿದು, "ಇದು ಯಾವ ಇಸವಿಯಲ್ಲಿ ಆಯ್ತು?" ಎನ್ನುತ್ತಿದ್ದೆ. ಇಸವಿ ಅಂದರೆ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು. "ಅದೆಲ್ಲ ನಮ್ಗೆ ಗೊತ್ತಿಲ್ಲ ಟೀಚರಮ್ಮ, ನೀವು ಓದ್ದೋರು" ಅಂತ ಕಾಫಿ ಕೊಟ್ಟು ಕಳಿಸುತ್ತಿದ್ದರು.

ದಾರಿ ತೋರಿಸಿದ್ದು ವೃದ್ಧಾಪ್ಯ ವೇತನದ ಅರ್ಜಿ. ನಗರದ ದಕ್ಷಿಣದ ಅಂಚಿನಲ್ಲಿದ್ದ ಒಂದು ಹಳ್ಳಿಯ ಶಾಲೆಗೆ ನನಗೆ ವರ್ಗವಾಗಿತ್ತು. ಈಗ ಅದು ಅಂಚಲ್ಲ, ಊರ ನಡುಮಧ್ಯ. ಅಲ್ಲಿಯವರು ಇನ್ನೂ ಅಕ್ಕಪಕ್ಕದಲ್ಲೇ ಬಾಳುತ್ತಿರುವುದರಿಂದ ಹಳ್ಳಿಯ ಹೆಸರು ಬರೆಸುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಶಾಲೆ ಬಿಟ್ಟ ಮೇಲೆ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ರೇಷನ್ ಕಾರ್ಡು, ವಿಧವಾ ವೇತನ, ಮಗನಿಗೆ ಕಾಗದ, ಹೀಗೆ ಏನಿದ್ದರೂ ನನ್ನ ಬಳಿಗೆ ಬರುತ್ತಿದ್ದರು. ವೃದ್ಧಾಪ್ಯ ವೇತನಕ್ಕೆ ವಯಸ್ಸು ಹೇಳಬೇಕು. ಹುಟ್ಟಿದ ದಿನ ಬರೆದಿಟ್ಟವರು ಯಾರು? 1991ರಲ್ಲಿ ಒಬ್ಬ ಅಜ್ಜಿ ಬಂದರು, ಹೂ ಮಾರುವವರು. "ನಂಗೊಂದು ಐವತ್ತೋ ಎಂಬತ್ತೋ ಇರ್ಬೇಕು" ಅಂದರು. ನಾನು ತಲೆ ಕೆರೆದುಕೊಂಡು, "ಅಜ್ಜಿ, ದೊರೆ ತೀರ್ಕೊಂಡಿದ್ದು ನೆನಪಿದ್ಯಾ?" ಎಂದೆ. ಕೈಲಿದ್ದ ಹೂವಿನ ದಾರ ಹಾಗೇ ನಿಂತಿತು.

"ನೆನಪಿಲ್ದೆ ಏನು! ನಾಲ್ವಡಿಯೋರು ಹೋದ್ರು ಅಂತ ಡಂಗೂರ ಹೊಡದ್ರು. ನಮ್ಮ ದೊಡ್ಡೋನು ಆಗ ತೊಟ್ಲಲ್ಲಿದ್ದ. ಮೂರು ತಿಂಗಳ ಕೂಸು."

ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3. ಮೊದಲ ಮಗು ತೊಟ್ಟಿಲಲ್ಲಿದ್ದರೆ, ಆ ಕಾಲದ ಲೆಕ್ಕದಲ್ಲಿ ಅಜ್ಜಿಗೆ ಆಗ 16 ಅಥವಾ 17. ಅಂದರೆ 1991ಕ್ಕೆ 67, 68. ಇದನ್ನೇ ಒಂದು ಕಾಗದದಲ್ಲಿ ವಿವರವಾಗಿ ಬರೆದುಕೊಟ್ಟೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅದನ್ನು ಓದಿ, ಅಜ್ಜಿಯ ಹಲ್ಲು, ಕಣ್ಣು ನೋಡಿ, ವಯಸ್ಸಿನ ಸರ್ಟಿಫಿಕೇಟು ಕೊಟ್ಟರು. ವೇತನ ಬಂತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೇತನ ಸಿಕ್ಕ ಸಂತೋಷ ಒಂದು ಕಡೆ. ಇಪ್ಪತ್ತು ವರ್ಷದಿಂದ ತಪ್ಪಾಗಿ ಕೇಳುತ್ತಿದ್ದೆನಲ್ಲ ಎನ್ನುವುದು ಇನ್ನೊಂದು ಕಡೆ.

ಮಾರನೇ ದಿನವೇ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಒಂದು ಪಟ್ಟಿ ಬರೆದೆ. ಅದಕ್ಕೆ ನಾನಿಟ್ಟ ಹೆಸರು 'ಗೂಟಗಳು'. ಹಸು ಎಲ್ಲಿ ಮೇಯ್ದರೂ ಹಗ್ಗದ ತುದಿಗೆ ಒಂದು ಗೂಟ ಇರುತ್ತದಲ್ಲ, ಹಾಗೆ. ಪ್ಲೇಗು ಬಂದು ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡದ್ದು 1898. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಆ ಪ್ಲೇಗಿನ ಮೇಲೆಯೇ. ಗಾಂಧೀಜಿ ನಂದಿ ಬೆಟ್ಟದಲ್ಲಿದ್ದು ಸುಧಾರಿಸಿಕೊಂಡು ಬೆಂಗಳೂರಿಗೆ ಇಳಿದದ್ದು 1927. ದೊರೆ ಹೋದದ್ದು 1940. ಆಮೇಲೆ ಯುದ್ಧದ ರೇಷನ್ನು. ವಿಧಾನಸೌಧದ ಕಲ್ಲು ಕೆತ್ತುತ್ತಿದ್ದದ್ದು 1951ರಿಂದ 56. ನಮ್ಮ ಭಾಗದ ಎಷ್ಟೋ ಮನೆಗಳ ಗಂಡಸರು ಅಲ್ಲಿ ಕೂಲಿಗೆ ಹೋಗಿದ್ದರು, ಹಾಗಾಗಿ ಆ ಗೂಟ ಬಹಳ ಗಟ್ಟಿ. ಯಾರು ಏನು ಹೇಳಿದರೂ, "ಅದು ವಿಧಾನಸೌಧ ಕಟ್ಟೋಕೆ ಮುಂಚೆನಾ, ಆಮೇಲಾ?" ಎಂದು ಕೇಳಿದರೆ ಸಾಕು, ಒಂದೆರಡು ವರ್ಷದ ಆಚೀಚೆಗೆ ಕಾಲ ಸಿಕ್ಕಿಬಿಡುತ್ತಿತ್ತು. ಈ ಕೆಲಸಕ್ಕೆ ಹೊರಡುವವರು ತಮ್ಮ ಊರಿಗೆ ತಕ್ಕ ಗೂಟಗಳನ್ನು ಮೊದಲು ಮಾಡಿಕೊಳ್ಳಿ. ಅರಮನೆಯ ಗೂಟ ಎಲ್ಲ ಕಡೆ ನಡೆಯುವುದಿಲ್ಲ. ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆ, ಹಲಸೂರು, ಶಿವಾಜಿನಗರದ ಹಿರಿಯರ ನೆನಪು ಬೇರೆ ಗೂಟಗಳಿಗೆ ಕಟ್ಟಿರುತ್ತದೆ. 1949ರವರೆಗೆ ಪೇಟೆಗೂ ದಂಡಿಗೂ ಪುರಸಭೆಯೇ ಬೇರೆ ಬೇರೆಯಾಗಿತ್ತಲ್ಲ.

ಇನ್ನೊಂದು ಕಲಿತದ್ದು, ರಾಜರ ವಿಷಯದಿಂದ ಮಾತು ಶುರುಮಾಡಬಾರದು. ನೀರಿನಿಂದ ಮಾಡಬೇಕು. ಹೆಂಗಸರ ಹತ್ತಿರ ನೀರಿನ ಮಾತು ತೆಗೆದರೆ ಅರ್ಧ ಶತಮಾನ ಹೊರಗೆ ಬರುತ್ತದೆ. ಬೆಂಗಳೂರಿಗೆ ಕೊಳಾಯಿಯಲ್ಲಿ ಹೆಸರಘಟ್ಟದ ನೀರು ಬಂದದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿ 1974ರಲ್ಲಿ. ಇದು ಪುಸ್ತಕದ ಲೆಕ್ಕ. ಯಾವ ಬೀದಿಯ ಯಾವ ಮೂಲೆಗೆ ಯಾವಾಗ ನಲ್ಲಿ ಬಂತು, ಅದಕ್ಕೆ ಮೊದಲು ಯಾರು ಎಲ್ಲಿಂದ ಹೊತ್ತು ತರುತ್ತಿದ್ದರು ಎನ್ನುವುದು ಬಿಂದಿಗೆ ಹೊತ್ತವರ ಲೆಕ್ಕ. ನನ್ನ ನೋಟ್‌ಬುಕ್ಕುಗಳಲ್ಲಿ ಹನ್ನೊಂದು ಬರೀ ನೀರಿನವು. ಸೇದುವ ಬಾವಿಗಳು, ಕಪಿಲೆ ಬಾವಿಗಳು, ಕಲ್ಯಾಣಿ, ಕೆರೆಯ ತೂಬು, ತೂಬು ತೆಗೆಯುತ್ತಿದ್ದ ನೀರುಗಂಟಿಯ ಮನೆತನ, ಅವನಿಗೆ ಸುಗ್ಗಿಯಲ್ಲಿ ಕೊಡುತ್ತಿದ್ದ ರಾಗಿ.

ನೀರಿನ ಬೆನ್ನು ಹತ್ತಿದ ಮೇಲೆ ನಕ್ಷೆ ಬೇಕಾಯಿತು. ಭೂದಾಖಲೆಗಳ ಇಲಾಖೆಯಲ್ಲಿ ದುಡ್ಡು ಕಟ್ಟಿದರೆ ಗ್ರಾಮ ನಕ್ಷೆಯ ಪ್ರತಿ ಕೊಡುತ್ತಾರೆ. ಮೊದಲ ಸಲ ಅದನ್ನು ಊಟದ ಮನೆಯ ನೆಲದ ಮೇಲೆ ಹಾಸಿಕೊಂಡು ಕೂತದ್ದು ಚೆನ್ನಾಗಿ ನೆನಪಿದೆ. ಕೆರೆ ಅಂಗಳ, ಏರಿ, ರಾಜಕಾಲುವೆ, ಗುಂಡುತೋಪು, ಬಂಡಿದಾರಿ, ಸ್ಮಶಾನ, ಸರ್ವೆ ನಂಬರು. ಅದರ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಈಗಿನ ರಸ್ತೆಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ಎಳೆದೆ. ನಮ್ಮ ಶಾಲೆಯ ಹಿಂದೆ ಪ್ರತಿ ಮಳೆಗಾಲ ಮೊಣಕಾಲಿನ ತನಕ ನೀರು ನಿಲ್ಲುತ್ತಿತ್ತು. ನೋಡಿದರೆ ಅದು ಕಾಲುವೆಯ ಜಾಗ. ಮಕ್ಕಳಿಗೆ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ ಎಂದು ಪಾಠದಲ್ಲಿ ಹೇಳಿದಾಗ ಅವರು ಸುಮ್ಮನೆ ಕೇಳಿದ್ದರು. ತಮ್ಮ ಚಪ್ಪಲಿ ಒದ್ದೆ ಮಾಡುವ ನೀರಿಗೂ ಒಂದು ಹಳೇ ದಾರಿ ಇದೆ ಎಂದಾಗ ಮುಖಗಳೇ ಬೇರೆಯಾದವು.

ಇನ್ನು ಬಾವಿಯ ವಿಷಯ. ಹಳ್ಳಿಯ ಹೆಸರು ಹೇಳದಿರುವುದು ಇದಕ್ಕಾಗಿಯೇ.

1993ರ ಹೊತ್ತಿಗೆ ಆ ಹಳ್ಳಿಯ ಬಗ್ಗೆ ನಲವತ್ತು ಪುಟ ಆಗಿತ್ತು. ಜೆರಾಕ್ಸ್ ಮಾಡಿಸಿ, ಪಿನ್ನು ಹೊಡೆದು, ಪುಟ್ಟ ಪುಸ್ತಕ ಮಾಡಿದೆ. ಹಂಚುವ ಮೊದಲು ಒಂದು ಭಾನುವಾರ ಶಾಲೆಯ ಮುಂದಿನ ಮರದ ಕೆಳಗೆ ಎಲ್ಲರನ್ನೂ ಕೂಡಿಸಿ ಓದಿದೆ. ಹಿರಿಯರು ತಲೆದೂಗುತ್ತಿದ್ದರು. "ಊರ ಮುಂದಿನ ದೊಡ್ಡ ಬಾವಿಯ ಸಿಹಿನೀರು ಊರಿಗೆಲ್ಲ ಆಗುತ್ತಿತ್ತು" ಎಂಬ ಸಾಲು ಓದಿ ಪುಟ ತಿರುಗಿಸುವಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ನನ್ನ ಅಕ್ಷರದ ತರಗತಿಗೆ ಬರುತ್ತಿದ್ದ ಹೆಂಗಸು, ಐವತ್ತು ದಾಟಿದವರು.

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಆ ಬಾವಿ ಹಗ್ಗ ನಮ್ಮ ಕೇರಿಯೋರು ಮುಟ್ಟಂಗಿರ್ಲಿಲ್ಲ. ನಮ್ಮವ್ವ ಬಿಂದಿಗೆ ಇಟ್ಕೊಂಡು ದೂರ ನಿಂತಿರೋಳು. ಯಾರಾದ್ರೂ ಮನಸ್ಸು ಬಂದ್ರೆ ಮೇಲಿಂದ ಹುಯ್ಯೋರು. ಬರ್ದಿದ್ರೆ ಕೆರೆ ಅಂಚಿನ ಗುಂಡಿ ನೀರು."

ಯಾರೂ ಮಾತಾಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಅದೆಲ್ಲ ಯಾಕೆ ಈಗ" ಎಂದು ಗೊಣಗಿದರು. ನನ್ನ ಕೈ ನಡುಗುತ್ತಿತ್ತು. ಆ ನಲವತ್ತು ಪುಟಕ್ಕೆ ನಾನು ಕೇಳಿದ್ದು ಇಪ್ಪತ್ತೆರಡು ಮನೆಯವರನ್ನು. ಆ ಕೇರಿಯಲ್ಲಿ ಒಂದು ಮನೆಯನ್ನೂ ಕೇಳಿರಲಿಲ್ಲ. ದಿನಾ ಅವರಿಗೆ ಅ ಆ ಇ ಈ ತಿದ್ದಿಸುತ್ತಿದ್ದೆ, ಅವರ ಅರ್ಜಿ ಬರೆಯುತ್ತಿದ್ದೆ, ಆದರೆ ಅವರ ಅವ್ವ ಎಲ್ಲಿ ನೀರು ತರುತ್ತಿದ್ದಳು ಎಂದು ಕೇಳಲಿಲ್ಲ. ಅವರು ಎದ್ದು ನಿಲ್ಲದಿದ್ದರೆ ನನ್ನ ಪುಸ್ತಕ ಆ ಸುಳ್ಳನ್ನು ಅಚ್ಚಿನಲ್ಲಿ ಶಾಶ್ವತ ಮಾಡುತ್ತಿತ್ತು. ಆ ಅರವತ್ತು ಪ್ರತಿಗಳನ್ನು ಹಂಚಲಿಲ್ಲ. ಮತ್ತೆ ಎಂಟು ತಿಂಗಳು ಆ ಕೇರಿಯಲ್ಲಿ ಕೂತೆ. ಮೊದಲ ದಿನ ಚಾಪೆ ಹಾಸಿಕೊಟ್ಟು ಅವರೇ ದೂರ ನಿಂತಿದ್ದರು. "ನೀವೂ ಕೂತ್ಕೊಳ್ಳಿ, ಇಲ್ದಿದ್ರೆ ನಾನೂ ನಿಂತೇ ಬರ್ಕೋತೀನಿ" ಎಂದು ನಿಂತೆ. ಆಮೇಲೆ ಕೂತರು. ತಮಟೆಯ ಚರ್ಮ ಹದ ಮಾಡುವುದರಿಂದ ಹಿಡಿದು ಕೆರೆ ಏರಿ ಒಡೆದ ರಾತ್ರಿ ಮಣ್ಣು ಹೊತ್ತವರು ಯಾರು ಎನ್ನುವವರೆಗೆ, ಊರಿನ ಅರ್ಧ ಚರಿತ್ರೆ ಅಲ್ಲಿತ್ತು. ಎರಡನೆಯ ಪ್ರತಿಯಲ್ಲಿ ಬಾವಿಯ ಪುಟವನ್ನು ಆ ತಾಯಿ ಹೇಳಿದ ಹಾಗೇ, ಅವರ ಮಾತಿನಲ್ಲೇ ಬರೆದೆ. ಅದೇ ಮರದ ಕೆಳಗೆ ಮತ್ತೆ ಓದಿದೆ. ಗೊಣಗಿದ್ದ ಹಿರಿಯರೂ ಬಂದಿದ್ದರು. ಕಡೆಯವರೆಗೆ ಕೂತು ಕೇಳಿ, ಏನೂ ಹೇಳದೆ ಎದ್ದು ಹೋದರು.

ಅಲ್ಲಿಂದ ಮುಂದೆ ನಾನು ಬರೆದದ್ದು ಯಾವುದೂ ಹೇಳಿದವರ ಮುಂದೆ ಓದದೆ ಹೊರಗೆ ಹೋಗಿಲ್ಲ. ಹೇಳಿದವರ ಮುಂದೆ ಮಾತ್ರ ಅಲ್ಲ, ಹೇಳದೆ ಉಳಿದವರ ಮುಂದೆ. ಒಬ್ಬರೇ ಇದ್ದಾಗ ಹೇಳುವ ಕಥೆ ಒಂದು, ನಾಲ್ಕು ಜನ ಕೂತಾಗ ಬರುವುದು ಇನ್ನೊಂದು. ಜಗಳವೂ ಆಗುತ್ತದೆ. ಆಗಲಿ. ಎರಡನ್ನೂ ಬರೆದುಕೊಂಡು, ಯಾರ ಮಾತು ಯಾವುದು ಎಂದು ಬದಿಯಲ್ಲಿ ಗುರುತು ಹಾಕುತ್ತೇನೆ.

ಕಾಗದಪತ್ರಗಳ ವಿಷಯದಲ್ಲಿ ಒಂದು ದೊಡ್ಡ ಪೆಟ್ಟು ತಿಂದಿದ್ದೇನೆ. ಒಂದು ಶಾನುಭೋಗರ ಮನೆತನದವರು ನನ್ನನ್ನು ನಂಬಿ ಒಂದು ಕಡತ ಕೊಟ್ಟಿದ್ದರು. ಈಗಿನವರಿಗೆ ಕಡತ ಅಂದರೆ ಕಚೇರಿಯ ಫೈಲು. ಹಳೆಯ ಕಡತ ಬಟ್ಟೆಯದು. ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಜಮಖಾನದಂತೆ ಮಡಿಸಿ, ಬಳಪದಲ್ಲಿ ಬಿಳಿಯಾಗಿ ಲೆಕ್ಕ ಬರೆಯುತ್ತಿದ್ದರು. ಕೈಗೆ ತೆಗೆದುಕೊಂಡರೆ ಹಳೇ ಉಗ್ರಾಣದ ವಾಸನೆ. ಬೆರಳು ತಾಗಿದರೆ ಅಕ್ಷರ ಅಳಿಸುವಷ್ಟು ನಾಜೂಕು. ಪ್ರದರ್ಶನಕ್ಕೆ ಬೇಕು ಎಂದು ಒಂದು ಕಡೆಯವರು ಕೇಳಿದರು, ರಸೀದಿಯನ್ನೂ ಕೇಳದೆ ಕೊಟ್ಟೆ. ಅದು ವಾಪಸು ಬರಲಿಲ್ಲ. ಎರಡು ವರ್ಷ ಅಲೆದೆ. ಆ ಮನೆಯ ಯಜಮಾನರು ನನಗೆ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಂದಿನಿಂದ ಯಾರ ಮನೆಯ ವಸ್ತುವೂ ಹೊಸಿಲು ದಾಟಿ ನನ್ನ ಜೊತೆ ಬಂದಿಲ್ಲ. ಅವರ ಮನೆಯ ನಡುಮನೆಯಲ್ಲೇ ಕೂತು ನಕಲು ಮಾಡುತ್ತಿದ್ದೆ. ಈಗ ಮೊಬೈಲ್ ಇದೆ, ಫೋಟೋ ಸಾಕು. ಆ ಫೋಟೋದ ಒಂದು ಪ್ರತಿ ಆ ಮನೆಯವರಿಗೂ ಹೋಗಬೇಕು.

ಕಲ್ಲುಗಳ ಕಡೆ ನಾನು ಹೋದದ್ದು ತಡವಾಗಿ, ನಿವೃತ್ತಿಯಾದ ಮೇಲೆ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಸುಮಾರು ಕ್ರಿ.ಶ. 890ರ ಅಲ್ಲಿನ ಕಲ್ಲಿನಲ್ಲಿ ಬೆಂಗಳೂರಿನ ಕಾಳಗ ಎಂಬ ಮಾತಿದೆ. ಆರ್. ನರಸಿಂಹಾಚಾರ್ಯರು ಅದನ್ನು ಬೆಳಕಿಗೆ ತಂದರು. ಒಬ್ಬ ಹುಡುಗ ಕೇಳಿದ: "ಮಿಸ್, ಹಾಗಾದ್ರೆ ಬಲ್ಲಾಳರಾಯನಿಗೆ ಮುದುಕಿ ಬೆಂದ ಕಾಳು ಕೊಟ್ಟ ಕಥೆ ಸುಳ್ಳಾ?" ಕಲ್ಲು ಆ ರಾಜನಿಗಿಂತ ಮುನ್ನೂರು ವರ್ಷ ಹಿಂದಿನದು, ಹೆಸರು ಆಗಲೇ ಇತ್ತು ಎಂದೆ. ಆದರೆ ಕಥೆಯನ್ನು ಬಿಸಾಡಬೇಡ, ಹಸಿದು ಬಂದವನಿಗೆ ಇದ್ದದ್ದನ್ನು ಕೊಟ್ಟ ಮುದುಕಿಯನ್ನು ಈ ಊರು ಇಷ್ಟು ವರ್ಷ ನೆನಪಿಟ್ಟುಕೊಂಡಿದೆಯಲ್ಲ, ಅದನ್ನೂ ಬರೆದುಕೋ ಎಂದೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು. ಆ ಸುದ್ದಿ ಕೇಳಿದಾಗ ನನಗೆ 76. ಮೊಮ್ಮಗನ ಸ್ಕೂಟರಿನಲ್ಲಿ ಹೋಗಿ ನೋಡಿಬಂದೆ.

ನಾನು ಪಾಠ ಹೇಳಿದ ಆ ಹಳ್ಳಿಯಲ್ಲೂ ಒಂದು ಕಲ್ಲಿತ್ತು. ಎಣ್ಣೆ, ಅರಿಶಿನ ಮೆತ್ತಿ ಕಪ್ಪಾಗಿತ್ತು. 'ವೀರಪ್ಪ' ಅಂತ ಕೈಮುಗಿಯುತ್ತಿದ್ದರು. ಮೋರಿ ಕೆಲಸಕ್ಕೆ ಜೆಸಿಬಿ ಬಂದಾಗ ಅದು ಮಣ್ಣಿನ ಗುಡ್ಡೆಯಡಿ ಸೇರಿತು. ಬಾವಿಯ ಮಾತು ಹೇಳಿದ್ದ ಆ ತಾಯಿಯೇ ಫೋನು ಮಾಡಿಸಿದರು. ಮಾರನೇ ಬೆಳಿಗ್ಗೆ ಹೋಗಿ ಜೆಸಿಬಿಯ ಹುಡುಗನಿಗೆ ಕಲ್ಲಿನ ವಿಷಯ ಹೇಳಿದೆ. ಅವನು ರಾಯಚೂರಿನ ಕಡೆಯವನು. "ನಮ್ಮೂರಾಗೂ ಅದಾವ್ರೀ ಅಮ್ಮಾರೆ" ಎಂದು ಯಂತ್ರ ನಿಲ್ಲಿಸಿ, ಕೈಯಲ್ಲೇ ಮಣ್ಣು ಸರಿಸಿದ. ಬರೀ ನೀರು, ತೆಂಗಿನ ನಾರು, ಇಷ್ಟರಲ್ಲೇ ತೊಳೆದೆವು. ಕಬ್ಬಿಣದ ಬ್ರಷ್ಷು, ಆಸಿಡ್ಡು, ಬಣ್ಣ ಯಾವುದೂ ಮುಟ್ಟಿಸಬಾರದು. ನಡುಹಗಲಲ್ಲಿ ಏನೂ ಕಾಣಲಿಲ್ಲ. ನೆತ್ತಿಯ ಬಿಸಿಲು ಕೆತ್ತನೆಯನ್ನು ನುಂಗಿಬಿಡುತ್ತದೆ. ಸಂಜೆ ಐದೂವರೆಗೆ ಬೆಳಕು ಬದಿಯಿಂದ ಬಿದ್ದಾಗ ಕಲ್ಲು ಎದ್ದು ಕೂತಂತಾಯಿತು. ಮೇಲೆ ಸೂರ್ಯ ಚಂದ್ರ, ಲಿಂಗ. ನಡುವೆ ಸತ್ತ ವೀರನನ್ನು ಎರಡೂ ಕಡೆ ಹಿಡಿದೊಯ್ಯುವ ಅಪ್ಸರೆಯರು. ಕೆಳಗೆ ಬಿಲ್ಲು ಹಿಡಿದ ಮನುಷ್ಯ. ಅಕ್ಷರ ಒಂದೂ ಇಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಅಡ್ಡಡ್ಡ ಹಿಡಿದೆವು. ಆಗ ಬಿಲ್ಲಿನವನ ಕಾಲ ಬಳಿ ಮೂರು ಉಬ್ಬು ಕಂಡವು. ನನಗೆ ತಿಳಿಯಲಿಲ್ಲ. ಹಾಲು ಕರೆದು ಮಾರುತ್ತಿದ್ದ ಒಬ್ಬ ಮುದುಕಿ ಬಗ್ಗಿ, ಬೆರಳಿಂದ ಸವರಿ, "ಇವು ದನ ಕಣವ್ವ, ಕೊಂಬು ನೋಡು. ದನ ಬಿಡ್ಸಕ್ಕೋಗಿ ಸತ್ತವ್ನೆ ಪುಣ್ಯಾತ್ಮ" ಅಂದಳು. ತುರುಗೊಳ್, ಅಂದರೆ ದನ ಹೊಡೆದೊಯ್ಯುವ ಕಾಳಗ, ಎಂದು ಪುಸ್ತಕದಲ್ಲಿ ಓದಿದ್ದ ನನಗೆ ಕಾಣದ್ದು ಅವಳ ಬೆರಳಿಗೆ ಕಂಡಿತು. ಈಗ ಆ ಕಲ್ಲು ದೇವಸ್ಥಾನದ ಪಕ್ಕದ ಕಟ್ಟೆಯ ಮೇಲಿದೆ. ಅರಿಶಿನ ಹಚ್ಚುತ್ತಾರೆ, ಹಚ್ಚಲಿ. ಎಣ್ಣೆ ಮಾತ್ರ ಬಿಟ್ಟಿದ್ದಾರೆ.

ಈಗ ನಾನು ಎಲ್ಲೂ ಹೋಗಲಾರೆ. ಈ ಹುಡುಗಿ ಮಂಗಳವಾರ ಮಧ್ಯಾಹ್ನ ಬಂದು ನನ್ನ ಹಳೇ ನೋಟ್‌ಬುಕ್ಕುಗಳನ್ನು ನನಗೇ ಓದುತ್ತಾಳೆ, ಕಂಪ್ಯೂಟರಿಗೆ ಏರಿಸುವ ಮುಂಚೆ. ಹೋದ ವಾರ ಹಳ್ಳಿಯ ಶಾಲೆಯ ಕಥೆ ಹೇಳುತ್ತ, ಹುಣಸೆಮರದ ಕೆಳಗೆ ಕೂತು ಓದಿದೆವು ಎಂದೆ. ಅವಳು ಪುಟ ತಿರುಗಿಸುವುದನ್ನು ನಿಲ್ಲಿಸಿದಳು. "ಅಜ್ಜಿ, ಇಲ್ಲಿ ನೀವೇ ಹೊಂಗೆ ಮರ ಅಂತ ಬರ್ದಿದ್ದೀರಿ. ಹೂವು ಉದುರಿ ಪುಸ್ತಕದ ಮೇಲೆ ಬಿತ್ತು ಅಂತಾನೂ ಇದೆ." ನಾನು ಬಹಳ ಹೊತ್ತು ಯೋಚಿಸಿದೆ. ಕಣ್ಣು ಮುಚ್ಚಿದರೆ ನನಗೆ ಈಗಲೂ ಹುಣಸೆಯೇ ಕಾಣುತ್ತದೆ. ಹೊಂಗೆ ಅಂತಲೇ ಇರಲಿ, ಬದಿಯಲ್ಲಿ ನನ್ನ ಹುಣಸೆಯನ್ನೂ ಬರೆದು, ಎಂಬತ್ತಮೂರರಲ್ಲಿ ಹೇಳಿದ್ದು ಎಂದು ಗುರುತು ಹಾಕು ಎಂದೆ. ಬರುವ ಭಾನುವಾರ ಅವಳು ಆ ಹಳ್ಳಿಗೆ ಹೋಗಿ ಕೇಳಿಬರುತ್ತಾಳಂತೆ.